ಹಿತ್ತಾಳೆ ಟ್ಯೂಬ್‌ಶೀಟ್‌ಗೆ ಟೈಟಾನಿಯಂ ಟ್ಯೂಬ್: ತುಕ್ಕು ಯಾವುದಕ್ಕೆ?

ಕಡಲಬದಿ:
ಸಮುದ್ರದ ನೀರಿನಿಂದ ತಂಪಾಗುವ ಹಳೆಯ ಸ್ಟೀಮ್ ಕಂಡೆನ್ಸರ್ (ಆವಿಯನ್ನು ಮತ್ತೆ ನೀರಾಗಿಸುವ ಸಾಧನ). ಅಲ್ಯೂಮಿನಿಯಂ ಹಿತ್ತಾಳೆಯ ಟ್ಯೂಬ್ ತೆಗೆದು 0.7 ಮಿ.ಮೀ. ದಪ್ಪದ ಗ್ರೇಡ್ 2 ಟೈಟಾನಿಯಂ ಹಾಕಬೇಕು. ಟ್ಯೂಬ್‌ಗಳ ತುದಿ ಕೂರುವ ರಂಧ್ರಗಳ ತಟ್ಟೆ, ಅಂದರೆ ಟ್ಯೂಬ್‌ಶೀಟ್, ಮಂಟ್ಜ್ ಮೆಟಲ್ ಎಂಬ ಹಿತ್ತಾಳೆಯದು (60 ಭಾಗ ತಾಮ್ರ, 40 ಭಾಗ ಸತು), ಅದು ಹಾಗೇ ಉಳಿಯುತ್ತದೆ. ವಾಟರ್‌ಬಾಕ್ಸ್ (ಟ್ಯೂಬ್‌ಗಳಿಗೆ ನೀರು ಹಂಚುವ ಪೆಟ್ಟಿಗೆ) ರಬ್ಬರ್ ಲೈನಿಂಗ್ ಇರುವ ಉಕ್ಕಿನದು, ಒಳಗೆ ಸತುವಿನ ಆನೋಡ್‌ಗಳಿವೆ (ತಾವು ಕರಗಿ ಉಳಿದ ಲೋಹವನ್ನು ಕಾಯುವ ತುಂಡುಗಳು). ಏನೇನು ಬದಲಾಯಿಸಬೇಕು?

ಲೋಹಪಾಠ:
ಟೈಟಾನಿಯಂ ಸವೆಯುವುದಿಲ್ಲ, ಏಟು ಬೀಳುವುದು ಟ್ಯೂಬ್‌ಶೀಟ್‌ಗೆ. ಹಳೆಯ ಟ್ಯೂಬೂ ಶೀಟೂ ತಾಮ್ರದ ಮಿಶ್ರಲೋಹಗಳೇ, ಹಾಗಾಗಿ ಪೊಟೆನ್ಷಿಯಲ್ (ನೀರಿನಲ್ಲಿ ಲೋಹದ ವಿದ್ಯುತ್ ಮಟ್ಟ) ಹತ್ತಿರ ಹತ್ತಿರ ಇತ್ತು. ಟೈಟಾನಿಯಂ ಹಾಗಲ್ಲ, ಅದು ಕ್ಯಾಥೋಡ್ ಆಗಿ ಹಿತ್ತಾಳೆಯಿಂದ ಕರೆಂಟ್ ಎಳೆದು ಅದನ್ನು ಕರಗಿಸುತ್ತದೆ. ಅದರ ಆಕ್ಸೈಡ್ ಪದರದ ಮೇಲೆ ಆಮ್ಲಜನಕದ ಕ್ರಿಯೆ ನಿಧಾನವೇನೋ ನಿಜ, ಆದರೆ ಅಷ್ಟೂ ಟ್ಯೂಬ್‌ಗಳ ಒಳಮೈ ಸೇರಿದರೆ ಕ್ಯಾಥೋಡ್ ವಿಸ್ತೀರ್ಣ ಬಹಳ ದೊಡ್ಡದು. ರಂಧ್ರಗಳ ನಡುವಿನ ಕಿರಿದಾದ ಹಿತ್ತಾಳೆಯೇ ಆ ಕರೆಂಟನ್ನೆಲ್ಲ ಕೊಡಬೇಕು. ರಂಧ್ರದ ಅಂಚಿನಲ್ಲಿ ಸತು ಕರಗಿ ತಾಮ್ರದ ಕೆಂಪು ಕಂಡರೆ ಅದು ಮೊದಲ ಸುಳಿವು. ಆಮೇಲೆ ರೋಲ್ ಮಾಡಿದ ಜಾಯಿಂಟ್ (ಟ್ಯೂಬ್ ತುದಿಯನ್ನು ಹಿಗ್ಗಿಸಿ ಶೀಟಿಗೆ ಬಿಗಿ ಮಾಡಿದ ಜಾಗ) ಸೋರಿ ಉಪ್ಪುನೀರು ಕಂಡೆನ್ಸೇಟ್‌ಗೆ, ಅಂದರೆ ಆವಿ ತಣಿದು ಆದ ನೀರಿಗೆ, ಸೇರುತ್ತದೆ, ಅಲ್ಲಿಂದ ಬಾಯ್ಲರ್‌ಗೆ. ಹಣ ಹೊಂದಿದರೆ ಶೀಟನ್ನೂ ಟೈಟಾನಿಯಂ ಮಾಡಿಸಿ ಸೋರದಂತೆ ಸೀಲ್ ವೆಲ್ಡ್ ಹಾಕಿಸಿ, ಅದೇ ಸರಿಯಾದ ದಾರಿ.

ಆನೋಡ್‌ಪಾಳಿ:
ಸತುವಿನ ಆನೋಡ್‌ಗಳನ್ನು ಮೊದಲು ತೆಗೆಯಿರಿ. ಅಳತೆಗೆ ಬಳಸುವ ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್‌ಗೆ ಹೋಲಿಸಿದರೆ ಸತು ಶೀಟು, ಟ್ಯೂಬ್‌ಗಳ ಪೊಟೆನ್ಷಿಯಲನ್ನು ಸುಮಾರು -1.0 ವೋಲ್ಟ್‌ವರೆಗೆ ಎಳೆಯುತ್ತದೆ. -0.75ಕ್ಕಿಂತ ಕೆಳಗಿಳಿದರೆ ಟೈಟಾನಿಯಂ ಹೈಡ್ರೋಜನ್ ಹೀರಿಕೊಂಡು, ಹೈಡ್ರೈಡ್ ಕಟ್ಟಿ, ಟ್ಯೂಬ್ ತುದಿ ಪೆಡಸಾಗುವ ಅಪಾಯ. 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇದು ಬೇಗ ನಡೆಯುತ್ತದೆ. ಕಂಡೆನ್ಸರ್‌ನಲ್ಲಿ ನೀರು ಅಷ್ಟು ಬಿಸಿ ಇರುವುದಿಲ್ಲ, ಆದರೂ ತೆಳು ಟ್ಯೂಬ್‌ನಲ್ಲಿ ಆ ಅಪಾಯ ಯಾಕೆ? ಮೃದು ಕಬ್ಬಿಣದ ಆನೋಡ್ -0.6ರ ಆಸುಪಾಸಿನಲ್ಲಿ ನಿಲ್ಲುತ್ತದೆ: ಹಿತ್ತಾಳೆಗೆ ರಕ್ಷಣೆ, ಟೈಟಾನಿಯಂಗೆ ತೊಂದರೆಯಿಲ್ಲ. ಇಂಪ್ರೆಸ್ಡ್ ಕರೆಂಟ್ (ಹೊರಗಿನಿಂದ ಕೊಡುವ ರಕ್ಷಣೆಯ ಕರೆಂಟ್) ಹಾಕುವುದಾದರೆ ಪೊಟೆನ್ಷಿಯಲ್ ಅಳೆಯುವ ರೆಫರೆನ್ಸ್ ಎಲೆಕ್ಟ್ರೋಡ್ ಟ್ಯೂಬ್‌ಶೀಟ್ ಪಕ್ಕದಲ್ಲೇ ಇರಲಿ, ಕಂಟ್ರೋಲ್ ಆಟೊಮ್ಯಾಟಿಕ್ ಆಗಿರಲಿ.

ಕಡಲಬದಿ:
ಶೀಟಿಗೆ ಎಪಾಕ್ಸಿ ಲೇಪನ ಹಚ್ಚಿದರೆ ಆನೋಡ್ ಬೇಡ ಅಲ್ಲವೇ ಸರ್?

ಲೋಹಪಾಠ:
ಬೇಕೇ ಬೇಕು. ಹಿತ್ತಾಳೆಗೆ ಮಾತ್ರ ಹಚ್ಚಿ ಟೈಟಾನಿಯಂ ಬರಿದಾಗಿ ಬಿಟ್ಟರೆ, ಲೇಪನದ ಒಂದು ಸೂಜಿರಂಧ್ರದ ಮೇಲೆ ಎಲ್ಲ ಕರೆಂಟೂ ಸೇರುತ್ತದೆ. ಅಲ್ಲಿ ಲೋಹ ಆಳಕ್ಕೆ ಕೊರೆದುಹೋಗುತ್ತದೆ. ಲೇಪನಕ್ಕೆ ಮುನ್ನ ಮೈ ಸ್ವಚ್ಛ ಮಾಡಲು ಬ್ಲಾಸ್ಟ್ ಮಾಡುವಾಗ ಟ್ಯೂಬ್ ಬಾಯಿಗೆ ಪ್ಲಗ್ ಹಾಕಿ, ಲೇಪನವನ್ನು ಟ್ಯೂಬ್ ಒಳಗೂ ಸ್ವಲ್ಪ ದೂರ ಮುಂದುವರಿಸಿ. ಕ್ಯಾಥೋಡ್ ಮುಚ್ಚಿದಷ್ಟೂ ಲಾಭ. ವಾಟರ್‌ಬಾಕ್ಸ್‌ನ ರಬ್ಬರಿಗೂ ಇದೇ ಮಾತು, ಸ್ಪಾರ್ಕ್ ಟೆಸ್ಟ್ (ವಿದ್ಯುತ್ ಕಿಡಿಯಿಂದ ಸೂಜಿರಂಧ್ರ ಹುಡುಕುವ ಪರೀಕ್ಷೆ) ಮಾಡದೆ ನೀರು ಬಿಡಬೇಡಿ.

ಆನೋಡ್‌ಪಾಳಿ:
ತುಕ್ಕಿನ ವಿಷಯವಲ್ಲದಿದ್ದರೂ ಒಂದು ಮಾತು. ಗೋಡೆ ತೆಳುವಾದರೆ ಟ್ಯೂಬ್ ಹೆಚ್ಚು ಅದುರುತ್ತದೆ. ಸಪೋರ್ಟ್ ಪ್ಲೇಟ್‌ಗಳ ಅಂತರವನ್ನು ಹೊಸ ದಪ್ಪಕ್ಕೆ ಲೆಕ್ಕ ಹಾಕಿಸಿ, ಸಾಲದಿದ್ದರೆ ನಡುವೆ ಟ್ಯೂಬ್ ಅದುರದಂತೆ ಹಿಡಿಯುವ ಸ್ಟೇಕಿಂಗ್ ಪಟ್ಟಿ ಸೇರಿಸಿ. ಆರ್ಡರ್ ಕೊಡುವ ಮೊದಲೇ ಇದು ಆಗಬೇಕು.