ಮಗನ ಐಕ್ಯೂ 92 ಅಂತ ವಾಟ್ಸಾಪ್ ಗುಂಪಿಗೆ ಹಾಕಿದ ದಿನ

ಸುರತ್ಕಲ್ ದೊಡ್ಡಪ್ಪ: ಮಕ್ಕಳು ನಿನ್ನೆ ಮೊಬೈಲಿನಲ್ಲಿ ಮಾಡಿದ ಐಕ್ಯೂ ಟೆಸ್ಟ್. ನಮ್ಮವನಿಗೆ 138, ಮಲ್ಪೆಯವನಿಗೆ 92. ಮುಂದೆ ಸೈನ್ಸಿಗೆ ಹಾಕುವಾಗ ಯೋಚನೆ ಮಾಡಿ.

ಮಲ್ಪೆ ಚಿಕ್ಕಮ್ಮ: ಭಾವ, ದಯವಿಟ್ಟು ಆ ರಿಸಲ್ಟಿನ ಫೋಟೋ ಡಿಲೀಟ್ ಮಾಡಿ. ಮಗ ನೋಡಿದ್ದಾನೆ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಸುರತ್ಕಲ್ ದೊಡ್ಡಪ್ಪ: ಬೇಜಾರು ಮಾಡಬೇಡ. ಸುಮ್ನೆ ಹಾಕಿದ್ದಲ್ಲ, ಇದು ವಿಜ್ಞಾನ ಅಲ್ವಾ?

ಮಲ್ಪೆ ಚಿಕ್ಕಮ್ಮ: ಹಾಗಾದರೆ ವಿಜ್ಞಾನವನ್ನೇ ಮಾತಾಡುವ ಭಾವ. 1905ರಲ್ಲಿ ಪ್ಯಾರಿಸಿನಲ್ಲಿ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ, ಅವರ ಜೊತೆಗಾರ ಸಿಮೋನ್ ಇಬ್ಬರು ಇಂಥ ಪರೀಕ್ಷೆ ತಯಾರಿಸಿದ್ದು ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ರೀತಿ ಕಲಿಸಲಿಕ್ಕೆ. ಬುದ್ಧಿ ಇಷ್ಟೇ, ಇನ್ನು ಬೆಳೆಯುವುದಿಲ್ಲ ಎನ್ನುವ ಮಾತನ್ನು ಬಿನೆಯೇ ಒಪ್ಪಲಿಲ್ಲ. ಅಲ್ಲಿಯ ಮಕ್ಕಳ ಪ್ರಶ್ನೆ ಇಲ್ಲಿಗೆ ಹೊಂದುವುದಿಲ್ಲ ಅಂತ 1930ರ ದಶಕದಲ್ಲೇ ವಿ. ವಿ. ಕಾಮತ್ ಅದನ್ನು ಕನ್ನಡ, ಮರಾಠಿ ಮಕ್ಕಳಿಗಾಗಿ ಬದಲಾಯಿಸಿದರು. ಇಂಥ ಪರೀಕ್ಷೆಯನ್ನು ತರಬೇತಿ ಇದ್ದವರು ಮಗುವನ್ನು ಎದುರಿಗೆ ಕೂರಿಸಿ, ಹಸಿವಾಗಿದೆಯಾ ಹೆದರಿದೆಯಾ ಎಲ್ಲ ನೋಡಿಕೊಂಡು ಮಾಡುತ್ತಾರೆ. ನಡುನಡುವೆ ಜಾಹೀರಾತು ಬರುವ ಆ್ಯಪಿನಲ್ಲಿ ಅಲ್ಲ. ಅದೂ ಇಂಗ್ಲಿಷಿನಲ್ಲಿ, ಅವನು ಓದುವುದು ಕನ್ನಡ ಮೀಡಿಯಂ.

ಮತ್ತೆ, ಸರಾಸರಿಯನ್ನೇ 100 ಅಂತ ಇಟ್ಟುಕೊಂಡದ್ದು. 85ರಿಂದ 115ರ ಒಳಗೆ ಹತ್ತರಲ್ಲಿ ಸುಮಾರು ಏಳು ಜನ ಬರುತ್ತಾರೆ. 92 ಸರಿ ಅಂತಲೇ ಇಟ್ಟುಕೊಂಡರೂ ಹೆದರಲಿಕ್ಕೆ ಎಂತ ಉಂಟು?

ಕಾಪು ಮಾವ: ಹಾಗಾದರೆ ಟೆಸ್ಟೇ ಸುಳ್ಳಾ? ಜಾಸ್ತಿ ಬಂದವರು ಶಾಲೆಯಲ್ಲೂ ಮುಂದೆ ಇರುತ್ತಾರಲ್ಲ.

ಮಲ್ಪೆ ಚಿಕ್ಕಮ್ಮ: ಸುಳ್ಳಲ್ಲ ಅಣ್ಣ. ಸರಿಯಾಗಿ ಮಾಡಿದ ಪರೀಕ್ಷೆಗೂ ಶಾಲೆಯ ಅಂಕಕ್ಕೂ ಸಂಬಂಧ ಉಂಟು. ಆದರೆ ಅದಕ್ಕೆ ಸಿಗದೆ ಹೋಗುವುದೂ ಬಹಳ ಉಂಟು. ಅಮೆರಿಕದಲ್ಲಿ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞ 1920ರ ದಶಕದಲ್ಲಿ ಐಕ್ಯೂ ನೋಡಿ ಜಾಣ ಮಕ್ಕಳನ್ನು ಆರಿಸುವಾಗ ವಿಲಿಯಂ ಶಾಕ್ಲಿಯನ್ನು ಬಿಟ್ಟರು. ಟ್ರಾನ್ಸಿಸ್ಟರ್ ಕೆಲಸಕ್ಕೆ 1956ರಲ್ಲಿ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಅಷ್ಟು ದೂರ ಯಾಕೆ, ನಮ್ಮ ಅಮ್ಮ ದೋಣಿ ನಿಲ್ಲುವ ದಕ್ಕೆಯಲ್ಲಿ ಒಂದು ಬುಟ್ಟಿ ಬಂಗುಡೆ ಮೀನು ನೋಡಿದ ಕೂಡಲೇ ತೂಕ ಎಷ್ಟು, ಐಸಿಗೆ ಎಷ್ಟು, ರಿಕ್ಷಾಕ್ಕೆ ಎಷ್ಟು, ಸಂಜೆಗೆ ಉಳಿದರೆ ನಷ್ಟ ಎಷ್ಟು ಅಂತ ಮನಸ್ಸಿನಲ್ಲೇ ಕೂಡಿ ಕಳೆದು ಏಲಂ ಕೂಗುತ್ತಿದ್ದರು. ಶಾಲೆಗೆ ಹೋದದ್ದು ಎರಡೇ ವರ್ಷ. ನಾನು, ನೀನು, ಅಕ್ಕ ಓದಿದ್ದು ಆ ಲೆಕ್ಕದಲ್ಲೇ.

ಸುರತ್ಕಲ್ ದೊಡ್ಡಪ್ಪ: ನನ್ನಲ್ಲಿ ‘ನನಗೆ ಮಾತ್ರ ಡಿಲೀಟ್’ ಅಂತ ಬರುತ್ತಾ ಉಂಟು. ಅಡ್ಮಿನ್ ನೀನಲ್ವಾ, ನೀನೇ ತೆಗೆ. ಸಂಜೆ ಮಲ್ಪೆಗೆ ಬರುತ್ತೇನೆ. ಅವನ ಹತ್ತಿರ ನಾನೇ ಮಾತಾಡಬೇಕು.