ಮೆರಿಯನ್ ಚೌಕದ ಆಸ್ಕರ್ ವೈಲ್ಡ್: ಆ ಹಸುರು ಬಳಿದದ್ದೇ, ಕಲ್ಲಿನದೇ?

ಪ್ರಶ್ನೆ (ನಿವೃತ್ತ ಅಧ್ಯಾಪಕ, ಮೈಸೂರು)

ಮಗಳ ಮನೆಯಲ್ಲಿ ಎರಡು ತಿಂಗಳು ಇರಲೆಂದು ಡಬ್ಲಿನ್‌ಗೆ ಬಂದಿದ್ದೇನೆ. ಕಳೆದ ವಾರ ಮೆರಿಯನ್ ಚೌಕದ ಉದ್ಯಾನದಲ್ಲಿ ಐರಿಷ್ ಲೇಖಕ ಆಸ್ಕರ್ ವೈಲ್ಡ್‌ನ ಪ್ರತಿಮೆಯನ್ನು ನೋಡಿದೆ. ಸಾಹಿತಿಯ ಪ್ರತಿಮೆಯೆಂದರೆ ಎತ್ತರದ ಪೀಠ, ಅದರ ಮೇಲೆ ಕಂಚಿನದೋ ಕಂಚಿನ ಬಣ್ಣ ಬಳಿದದ್ದೋ ಆದ ಗಂಭೀರ ಮುಖ, ಕೊರಳಲ್ಲಿ ಕಳೆದ ಜಯಂತಿಯ ಒಣಗಿದ ಹಾರ, ಇಷ್ಟನ್ನೇ ನೋಡಿ ಬೆಳೆದ ನನಗೆ, ದೊಡ್ಡ ಬಂಡೆಯೊಂದರ ಮೇಲೆ ಮಧ್ಯಾಹ್ನದ ಊಟ ಮುಗಿಸಿದವನಂತೆ ಒರಗಿರುವ ಈ ಮನುಷ್ಯನನ್ನು ಕಂಡು ಮೊದಲು ನಗುವೇ ಬಂತು. ಹಸುರು ಕೋಟು, ಗುಲಾಬಿ ಕಾಲರು, ನೀಲಿ ಛಾಯೆಯ ಪ್ಯಾಂಟು, ಮಿರುಗುವ ಕಪ್ಪು ಬೂಟು. ವರ್ಷವಿಡೀ ಮಳೆ ಸುರಿಯುವ ಈ ಊರಿನಲ್ಲಿ ಆ ಬಣ್ಣ ಮಾಸದೆ ಉಳಿದಿರುವುದು ಹೇಗೆ? ಎದುರಿನ ಎರಡು ಕಂಬಗಳ ಮೇಲಿನ ಚಿಕ್ಕ ಕಂಚಿನ ಮೂರ್ತಿಗಳಲ್ಲಿ ಒಂದು ಬಸುರಿ ಹೆಂಗಸಿನದು, ಮೈಮೇಲೆ ಬಟ್ಟೆಯಿಲ್ಲ. ಅವಳು ಯಾರೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಭೂವಿಜ್ಞಾನ ಓದಿದವರು, ಬೆಂಗಳೂರು)

ಸರ್, ಅಲ್ಲಿ ಬಣ್ಣ ಬಳಿದದ್ದು ಏನೂ ಇಲ್ಲ. ಎಲ್ಲವೂ ಕಲ್ಲಿನ ಸ್ವಂತ ಬಣ್ಣ. ಶಿಲ್ಪಿ ಡ್ಯಾನಿ ಆಸ್ಬಾರ್ನ್ 1997ರಲ್ಲಿ ಸ್ಥಾಪನೆಯಾದ ಈ ಕೃತಿಗಾಗಿ ಬೇರೆಬೇರೆ ದೇಶಗಳ ಕಲ್ಲುಗಳನ್ನು ಆಯ್ದು ತರಿಸಿ, ಒಬ್ಬ ದರ್ಜಿ ಬಟ್ಟೆ ಹೊಂದಿಸುವಂತೆ ಹೊಂದಿಸಿದ್ದಾರೆ. ಕೋಟು ಕೆನಡಾದ ನೆಫ್ರೈಟ್ ಜೇಡ್. ಅದರ ಒಳಗಿನ ಎಳೆಗಳು ಕಂಬಳಿಯ ನೂಲಿನ ಹಾಗೆ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸುಲಭಕ್ಕೆ ಒಡೆಯುವುದಿಲ್ಲ, ಸುಲಭಕ್ಕೆ ಕೆತ್ತಿಸಿಕೊಳ್ಳುವುದೂ ಇಲ್ಲ. ನಮ್ಮ ಹೊಯ್ಸಳ ಶಿಲ್ಪಿಗಳು ಕೆತ್ತಿದ ಬಳಪದ ಕಲ್ಲಿಗೆ ಇದು ಪೂರಾ ವಿರುದ್ಧ ಸ್ವಭಾವದ್ದು. ಕಾಲರು ಮತ್ತು ತೋಳಿನ ಪಟ್ಟಿ ನಾರ್ವೆಯ ಥುಲೈಟ್. ಮ್ಯಾಂಗನೀಸಿನಿಂದಾಗಿ ಅದಕ್ಕೆ ಗುಲಾಬಿ ಬಣ್ಣ ಬಂದಿದೆ. ಪ್ಯಾಂಟು ಕೂಡ ನಾರ್ವೆಯದೇ, ಬ್ಲೂ ಪರ್ಲ್. ಜಿಗಣಿಯ ಕಡೆಯ ಅಂಗಡಿಗಳಲ್ಲಿ ಅಡುಗೆಮನೆಯ ಕಟ್ಟೆಗೆಂದು ಇದನ್ನೇ ಗ್ರಾನೈಟ್ ಎಂದು ಮಾರುತ್ತಾರೆ. ವಾಸ್ತವವಾಗಿ ಅದು ಲಾರ್ವಿಕೈಟ್ ಎಂಬ ಬೇರೆಯದೇ ಶಿಲೆ, ಬೆಳಕು ಬಿದ್ದ ಕೋನಕ್ಕೆ ತಕ್ಕಂತೆ ಅದರ ಹರಳುಗಳು ನೀಲಿಯಾಗಿ ಮಿನುಗುತ್ತವೆ.

ಬೂಟಿನ ಕಥೆ ನಮಗೆ ಹತ್ತಿರದ್ದು. ಅದು ಭಾರತದಿಂದ ಹೋದ ಕಪ್ಪು ಚಾರ್ನೊಕೈಟ್; ಲಾಡಿ ಮಾತ್ರ ಕಂಚಿನದು. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕ್ ಎಂಬ ಇಂಗ್ಲಿಷ್ ವರ್ತಕನ ಸಮಾಧಿಯ ಕಲ್ಲು ಈ ಶಿಲೆಯದಾದ್ದರಿಂದ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಅವನ ಹೆಸರನ್ನೇ ಇದಕ್ಕಿಟ್ಟರು. ಬಿಳಿಗಿರಿರಂಗನ ಬೆಟ್ಟದಲ್ಲೂ ಕೊಡಗಿನಲ್ಲೂ ಈ ಶಿಲೆ ಹೇರಳವಾಗಿದೆ. ಅಷ್ಟಕ್ಕೇ ವೈಲ್ಡ್‌ನ ಬೂಟು ಚಾಮರಾಜನಗರದ್ದೆಂದು ನಾವು ಹಕ್ಕು ಸ್ಥಾಪಿಸುವುದು ಬೇಡ. ಅವನು ಒರಗಿರುವ ಬಂಡೆ ಮಾತ್ರ ಐರ್ಲೆಂಡಿನದೇ, ವಿಕ್ಲೋ ಬೆಟ್ಟಗಳಿಂದ ತಂದ ಸುಮಾರು 35 ಟನ್ ತೂಕದ ಬೆಣಚುಕಲ್ಲು.

ಉತ್ತರ 2 (ಇಂಗ್ಲಿಷ್ ಉಪನ್ಯಾಸಕಿ, ಧಾರವಾಡ)

ಆ ಹೆಂಗಸು ವೈಲ್ಡ್‌ನ ಹೆಂಡತಿ ಕಾನ್‌ಸ್ಟನ್ಸ್. ಇನ್ನೊಂದು ಕಂಬದ ಮೇಲಿರುವುದು ಗ್ರೀಕರ ದೇವತೆ ಡಯೊನೈಸಸ್‌ನ ಮುಂಡ. ಮದ್ಯಕ್ಕೂ ನಾಟಕಕ್ಕೂ ಅವನೇ ಅಧಿದೇವತೆ. ಕಂಬಗಳ ಮೈಮೇಲೆ ಕೆತ್ತಿರುವುದು ವೈಲ್ಡ್‌ನ ಮಾತುಗಳು. 1884ರಲ್ಲಿ ಮದುವೆಯಾಗಿ ಇಬ್ಬರು ಗಂಡುಮಕ್ಕಳನ್ನು ಹೆತ್ತ ಕಾನ್‌ಸ್ಟನ್ಸ್, 1895ರಲ್ಲಿ ಗಂಡನಿಗೆ ಸಲಿಂಗ ಸಂಬಂಧದ ಆರೋಪದ ಮೇಲೆ ಎರಡು ವರ್ಷಗಳ ಕಠಿಣ ಶಿಕ್ಷೆಯಾದ ಬಳಿಕ ಮಕ್ಕಳನ್ನು ಕರೆದುಕೊಂಡು ಯುರೋಪಿಗೆ ಹೋಗಿ, ತನ್ನದೂ ಮಕ್ಕಳದೂ ಕುಲನಾಮವನ್ನು ಹಾಲೆಂಡ್ ಎಂದು ಬದಲಿಸಿಕೊಳ್ಳಬೇಕಾಯಿತು. (ಮೇಲೆ ಬಂದ ಭೂವಿಜ್ಞಾನಿ ಹಾಲೆಂಡರಿಗೂ ಇವರಿಗೂ ಸಂಬಂಧವಿಲ್ಲ.) ಆಕೆ 1898ರಲ್ಲಿ ತೀರಿಕೊಂಡಳು, ಅವನು 1900ರಲ್ಲಿ. ಮೊಮ್ಮಗ ಮರ್ಲಿನ್ ಇಂದಿಗೂ ಹಾಲೆಂಡ್ ಎಂಬ ಹೆಸರಿನವರೇ. ಲೇಖಕನ ಸ್ಮಾರಕದಲ್ಲಿ ಅವನ ಹೆಂಡತಿಗೆ ಒಂದು ಕಂಬದ ಜಾಗವಾದರೂ ಸಿಕ್ಕಿರುವುದು ಅಪರೂಪ. ಆದರೂ ಅವಳನ್ನು ಬತ್ತಲೆಯಾಗಿ ಮಂಡಿಯೂರಿಸಿ ಕೂರಿಸಿ, ಅವನಿಗೆ ಇಷ್ಟೊಂದು ಬಟ್ಟೆ ತೊಡಿಸಿರುವುದು ನನಗೆ ಸರಿಯೆನಿಸಿಲ್ಲ.

ಉತ್ತರ 3 (ಓದುಗ, ಲಂಡನ್)

ಕಲ್ಲಿನ ಕುಶಲತೆಯನ್ನು ಒಪ್ಪುತ್ತೇನೆ. ಆದರೆ ನನ್ನ ಕಣ್ಣಿಗೆ ಅದು ಮಿಠಾಯಿ ಅಂಗಡಿಯ ಗೊಂಬೆಯ ಹಾಗೆಯೇ ಕಾಣುತ್ತದೆ. ಜೈಲಿನಲ್ಲಿ ನವೆದ ವೈಲ್ಡ್ ಅಲ್ಲಿ ಎಲ್ಲೂ ಇಲ್ಲ. ಲಂಡನ್ನಿನ ಅಡಿಲೇಡ್ ಬೀದಿಯಲ್ಲಿ ಮ್ಯಾಗಿ ಹ್ಯಾಂಬ್ಲಿಂಗ್ 1998ರಲ್ಲಿ ಮಾಡಿದ ಸ್ಮಾರಕವನ್ನು ನೋಡಿ. ಶವಪೆಟ್ಟಿಗೆಯಾಕಾರದ ಹಸುರು ಗ್ರಾನೈಟಿನಿಂದ ವೈಲ್ಡ್‌ನ ಕಂಚಿನ ತಲೆ ಮೇಲೆದ್ದು ಮಾತನಾಡತೊಡಗಿದೆ; ದಾರಿಹೋಕರು ಅದರ ಮೇಲೆಯೇ ಕುಳಿತು ಬುತ್ತಿ ಬಿಚ್ಚುತ್ತಾರೆ. ಅವನ ಕೈಯಲ್ಲಿದ್ದ ಸಿಗರೇಟು ಮತ್ತೆ ಮತ್ತೆ ಕಳುವಾಗಿದೆ. ಈ ಕಳ್ಳತನವನ್ನು ವೈಲ್ಡ್ ಮೆಚ್ಚುತ್ತಿದ್ದನೆಂದೇ ನನ್ನ ಗುಮಾನಿ.

ಉತ್ತರ 4 (ಉತ್ತರ 1 ಬರೆದವರೇ)

ಲಂಡನ್ನಿನ ಗೆಳೆಯರಿಗೆ ಒಂದು ಮಾತು. ಡಬ್ಲಿನ್ನಿನ ಪ್ರತಿಮೆಯ ಮುಖವನ್ನು ಎರಡೂ ಪಕ್ಕಗಳಿಂದ ನೋಡಬೇಕು. ಒಂದು ಪಕ್ಕ ನಗುತ್ತದೆ, ಇನ್ನೊಂದು ಪಕ್ಕ ಮಂಕಾಗಿದೆ. ಎದುರು ನಿಂತು ಫೋಟೊ ತೆಗೆಸಿಕೊಂಡು ಹೊರಟವರಿಗೆ ಇದು ಗೊತ್ತಾಗುವುದಿಲ್ಲ. ಈಗ ಇರುವುದು ಮೊದಲ ತಲೆಯೂ ಅಲ್ಲ. ಮೊದಲು ಇದ್ದದ್ದು ಪಿಂಗಾಣಿಯ ತಲೆ. ಅದರಲ್ಲಿ ಬಿರುಕು ಕಾಣಿಸಿದ್ದರಿಂದ 2010ರಲ್ಲಿ ಅದೇ ಶಿಲ್ಪಿ ಬಿಳಿ ಜೇಡ್‌ನಲ್ಲಿ ಹೊಸದನ್ನು ಕೆತ್ತಿ ಕೂರಿಸಿದರು. ಬಯಲಿನಲ್ಲಿ ನಿಲ್ಲುವ ಮೂರ್ತಿಗೆ ಮಳೆ ಮತ್ತು ಚಳಿಯೇ ಕೊನೆಯ ಪರೀಕ್ಷಕರು. ಬಂಡೆಯಿಂದ ಕಾಲರಿನವರೆಗಿನ ಕಲ್ಲೆಲ್ಲ ಆ ಪರೀಕ್ಷೆಯಲ್ಲಿ ಪಾಸಾಯಿತು, ಪಿಂಗಾಣಿ ಮಾತ್ರ ನಪಾಸಾಯಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಮಾತು ಓದಿ ಇವತ್ತು ಮಳೆಯಲ್ಲೇ ಕೊಡೆ ಹಿಡಿದು ಮತ್ತೊಮ್ಮೆ ಹೋದೆ. ಒದ್ದೆಯಾದಾಗ ಪ್ಯಾಂಟಿನ ನೀಲಿ ಮಿನುಗು ಬಿಸಿಲಿಗಿಂತ ಚೆನ್ನಾಗಿ ಕಾಣುತ್ತದೆ. ಮುಖದ ಎರಡು ಪಕ್ಕಗಳನ್ನು ನೋಡಲು ಬಂಡೆಯ ಸುತ್ತ ಮೂರು ಸಲ ಬಂದದ್ದನ್ನು ಕಂಡು ಮಗಳು, ಪ್ರದಕ್ಷಿಣೆ ಮುಗಿಯಿತೇ ಅಪ್ಪ ಎಂದು ಕೇಳಿದಳು. ರಸ್ತೆಯಾಚೆ ಎದುರಿಗೇ ಇರುವ 1ನೆಯ ಸಂಖ್ಯೆಯ ಮನೆ ವೈಲ್ಡ್ ಬಾಲ್ಯ ಕಳೆದ ಮನೆಯೆಂದು ಅಲ್ಲಿಯೇ ತಿಳಿಯಿತು. ಬಂಡೆಯ ಮೇಲೆ ಅವನು ಒರಗಿರುವುದು ಅದರ ಕಡೆಗೇ ಮುಖ ಮಾಡಿಕೊಂಡು.