ದಿನಾ ಆಫೀಸಿಗೆ ಹೋಗಿ ಚಿತ್ರ ಬರೆಯುವ ನಾನು ನೌಕರ ಅಲ್ವಾ?

ಕುಂಚ_ಬೆಳಗಾವಿ:
ಇಲ್ಲಿನ ಒಂದು ದಿನಪತ್ರಿಕೆಗೆ 4 ವರ್ಷದಿಂದ ವ್ಯಂಗ್ಯಚಿತ್ರ ಬರೆಯುತ್ತಿದ್ದೇನೆ. ಟಿಳಕವಾಡಿಯಿಂದ ದಿನಾ ಮಧ್ಯಾಹ್ನ 3ಕ್ಕೆ ಹೋಗಿ ಕೂತರೆ ಪುಟ ಮುಗಿಯುವವರೆಗೆ ಏಳುವ ಹಾಗಿಲ್ಲ. ಟೇಬಲ್ ಅವರದ್ದು, ಕಂಪ್ಯೂಟರ್ ಅವರದ್ದು, ಯಾವ ಸುದ್ದಿಗೆ ಬರೆಯಬೇಕು ಅಂತ ಹೇಳುವವರೂ ಅವರೇ. ದುಡ್ಡು ಮಾತ್ರ ಚಿತ್ರದ ಲೆಕ್ಕ, ಅದರಲ್ಲೂ 10 ಪರ್ಸೆಂಟ್ ಟಿಡಿಎಸ್ ಹಿಡಿಯುತ್ತಾರೆ. ಪಿಎಫ್ ಇಲ್ಲ, ರಜೆ ಇಲ್ಲ. ಹೋದ ತಿಂಗಳು ಡೆಂಗ್ಯೂ ಬಂದು 18 ದಿನ ಮಲಗಿದೆ, ಒಂದು ರೂಪಾಯಿ ಬರಲಿಲ್ಲ. ಈಗ ‘ನಾನು ಸ್ವತಂತ್ರ ಕಲಾವಿದ, ನೌಕರನಲ್ಲ’ ಅನ್ನೋ ಪೇಪರಿಗೆ ಸಹಿ ಕೇಳುತ್ತಿದ್ದಾರೆ. ಹಾಕಲಾ?

ಖಣದ_ಊರಿನವ:
ಹಾಕಬೇಡಿ, ಸ್ವಲ್ಪ ತಡೀರಿ. ನಾನು ಖಣ ನೇಯುವ ಗುಳೇದಗುಡ್ಡದವನು, ಪೀಸ್ ಲೆಕ್ಕದ ಕೂಲಿ ಅಂದರೆ ಏನು ಅಂತ ಮನೆಯಲ್ಲೇ ನೋಡಿ ಬೆಳೆದವನು. ಪೀಸ್ ಲೆಕ್ಕ ಅಂದ ಮಾತ್ರಕ್ಕೆ ನೌಕರ ಅಲ್ಲ ಅಂತ ಆಗಲ್ಲ. ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಕೇಸ್ ಓದಿ, 1973ರದ್ದು. ಆ ದರ್ಜಿಗಳಿಗೆ ಹೊಲಿದ ಬಟ್ಟೆಗೆ ತಕ್ಕ ಕೂಲಿ, ಬೇರೆ ಕಡೆ ಕೆಲಸ ಮಾಡಲಿಕ್ಕೂ ಅಡ್ಡಿ ಇರಲಿಲ್ಲ. ಆದರೆ ಹೊಲಿಗೆ ಯಂತ್ರ ಅಂಗಡಿಯದ್ದು, ಸರಿ ಇಲ್ಲ ಅಂದರೆ ವಾಪಸ್ ಕೊಟ್ಟು ಮತ್ತೆ ಹೊಲಿಸುವ ಹಕ್ಕೂ ಅಂಗಡಿಯದ್ದು. ಅವರು ನೌಕರರೇ ಅಂತ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಚಿತ್ರ ವಾಪಸ್ ಕಳಿಸಿ ತಿದ್ದಿಸುತ್ತಾರಾ?

ಕುಂಚ_ಬೆಳಗಾವಿ:
ವಾರಕ್ಕೆ ಎರಡು ಸಲ ಆದರೂ!

ತೀರ್ಪು_ಓದುವವಳು:
ನಿಮ್ಮದು ಇನ್ನೂ ಗಟ್ಟಿ. ಕಾರ್ಯನಿರತ ಪತ್ರಕರ್ತರ ಕಾಯ್ದೆ 1955ರಲ್ಲಿ ವರದಿಗಾರ, ಉಪಸಂಪಾದಕರ ಜೊತೆ ವ್ಯಂಗ್ಯಚಿತ್ರಕಾರ ಅಂತಲೇ ಹೆಸರು ಹೇಳಿತ್ತು. ಪೂರ್ತಿ ದಿನದ ಕೆಲಸ ಆಗಿರಬೇಕು ಅಂತಿಲ್ಲ, ಅರೆಕಾಲಿಕ ಆದರೂ ಸರಿ, ಒಂದಕ್ಕಿಂತ ಜಾಸ್ತಿ ಪತ್ರಿಕೆ ಆದರೂ ಸರಿ. ಆದರೆ ಅದೇ ನಿಮ್ಮ ಮುಖ್ಯ ಕಸುಬು ಆಗಿರಬೇಕು, ನೀವು ಅಲ್ಲಿ ನೌಕರಿಯಲ್ಲಿರಬೇಕು. ಜಗಳ ಆಗೋದು ಈ ಎರಡನೇ ಮಾತಿನ ಮೇಲೆ. ಆ ಕಾಯ್ದೆ ಈಗ ರದ್ದಾಗಿದೆ ನಿಜ, ಆದರೆ ಅದರ ಜೊತೆ ನಿಮ್ಮ ಹಕ್ಕೂ ಹೋಯಿತು ಅಂತ ಯಾರಾದರೂ ಅಂದರೆ ನಂಬಬೇಡಿ. ಅದರ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಕಾರ್ಯನಿರತ ಪತ್ರಕರ್ತರು ‘ವರ್ಕರ್’ ಲೆಕ್ಕದಲ್ಲೇ ಬರುತ್ತಾರೆ. ಸಂಬಳ ಅನ್ನದೆ ಫೀಸ್ ಅಂತ ತೋರಿಸಿ ಟಿಡಿಎಸ್ ಹಿಡಿದಿದ್ದಾರೆ ಅನ್ನೋದೂ ಕೊನೆಯ ಮಾತಲ್ಲ. ಅದು ತೆರಿಗೆ ಲೆಕ್ಕಕ್ಕೆ ಅವರೇ ಇಟ್ಟ ಹೆಸರು, ಅಷ್ಟೇ.

ಗೋಳಗುಮ್ಮಟದ_ನೆರಳು:
ವಿಜಯಪುರದಿಂದ ಬರೆಯುತ್ತಿದ್ದೇನೆ. ನಾನು ಮನೆಯಲ್ಲೇ ಕೂತು ಐದು ಕಡೆ ಅಂಕಣ ಬರೆಯುತ್ತೇನೆ, ಬೇಡ ಅನಿಸಿದರೆ ಬರೆಯಲ್ಲ. ನನ್ನಂಥವರು ನಿಜಕ್ಕೂ ಸ್ವತಂತ್ರರು, ನಮ್ಮನ್ನು ನೌಕರ ಅಂತ ಕರೆಯೋದು ಬೇಡ. ನಿಮ್ಮದು ಹಾಗಲ್ಲ. ಆ ಪೇಪರಿನಲ್ಲಿ ಕಾಪಿರೈಟ್ ಬಗ್ಗೆ ಏನಿದೆ ಅಂತ ಮೊದಲು ನೋಡಿ. ಹಕ್ಕು ಬರೆದುಕೊಟ್ಟು ಎಷ್ಟು ವರ್ಷ ಅಂತ ಹಾಕದಿದ್ದರೆ ಕಾನೂನು 5 ವರ್ಷ ಅಂತ ಹಿಡಿಯುತ್ತದೆ. ‘ಶಾಶ್ವತವಾಗಿ’ ಅಂತ ಇದ್ದರೆ ನಿಮ್ಮ 4 ವರ್ಷದ ಚಿತ್ರಗಳನ್ನು ಪುಸ್ತಕ ಮಾಡಲಿಕ್ಕೂ ಅವರನ್ನೇ ಕೇಳಬೇಕಾದೀತು. ನನಗೆ ಅದೇ ಜಾಸ್ತಿ ಹೊಟ್ಟೆ ಉರಿಸುವ ವಿಷಯ.

ಕುಂಚ_ಬೆಳಗಾವಿ:
ಈಗ ತೆಗೆದು ನೋಡಿದೆ. ‘ಎಲ್ಲ ಹಕ್ಕುಗಳು, ಎಂದೆಂದಿಗೂ’ ಅಂತಿದೆ.

ತೀರ್ಪು_ಓದುವವಳು:
ಸಹಿ ಬೇಡವೇ ಬೇಡ. ಓದಲು ಟೈಮ್ ಬೇಕು ಅಂತ ಇಮೇಲ್ ಹಾಕಿ, ಅದು ದಾಖಲೆ ಆಗುತ್ತದೆ. ‘3ಕ್ಕೆ ಬಾ’, ‘ಇದನ್ನು ತಿದ್ದು’ ಅನ್ನೋ ವಾಟ್ಸಾಪ್ ಮೆಸೇಜು, ವೋಚರ್, ಫಾರ್ಮ್ 16ಎ (ಟಿಡಿಎಸ್ ಹಿಡಿದದ್ದಕ್ಕೆ ಕೊಡುವ ಸರ್ಟಿಫಿಕೇಟ್) ಎಲ್ಲ ಇವತ್ತೇ ಬೇರೆ ಕಡೆ ಉಳಿಸಿಕೊಳ್ಳಿ. ಆಮೇಲೆ ಕಾರ್ಮಿಕ ಇಲಾಖೆಗೆ ಹೋಗಿ.